ಹಾಡುವ ಮಕ್ಕಳಿರುವ ಮನೆಯವರೇ, ಆ ‘ಅಗ್ರಿಮೆಂಟ್’ಗೆ ಸಹಿ ಹಾಕಬೇಡಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮತ್ತೆ ‘ಸಿಂಗಿಂಗ್ ಆಡಿಷನ್’ ಪೋಸ್ಟರ್‌ಗಳು ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಹೋದ ವರ್ಷ ಇಂಥದ್ದೇ ಒಂದರಲ್ಲಿ ನನ್ನ ತಮ್ಮ ಸಿಕ್ಕಿಬಿದ್ದ. ದುಡ್ಡು ಹೋಗಿದ್ದು ಒಂದು ಕಡೆ. ಅವನೇ ಬರೆದು, ಅವನೇ ರಾಗ ಹಾಕಿದ ಹಾಡು ಬೇರೆಯವರ ಹೆಸರಿಗೆ ಹೋಯಿತು. ದುಡ್ಡಿನ ಮೋಸದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಡು ಹೋಗುವುದರ ಬಗ್ಗೆ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಆಗ 17. ಪಿಯುಸಿ ಓದುತ್ತಿದ್ದ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಕಾಲೇಜಿಗೆ ರಜೆ ಇದ್ದರೆ ಇವನೂ ಬೆಳಗಿನ ಜಾವ ಎದ್ದು ಅಪ್ಪನ ಜೊತೆ ಹೋಗುತ್ತಾನೆ. ಕಾದ ಮರಳಿನ ಧಗೆ, ಹೊಗೆ. ಗಂಟಲು ಕೆಡಬಾರದು ಅಂತ ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡೇ ಕೆಲಸ ಮಾಡುತ್ತಾನೆ. ಸಂಜೆ ಗುರುಗಳ ಮನೆಯಲ್ಲಿ ಹಿಂದೂಸ್ತಾನಿ ಪಾಠ. ಗುರುಗಳು ಅವನಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಗಣಪತಿ ಹಬ್ಬದಲ್ಲಿ ಆರ್ಕೆಸ್ಟ್ರಾದವರು ಕರೆದರೆ ಹಾಡಿ, ಸಿಕ್ಕಿದ್ದನ್ನು ಅಮ್ಮನ ಕೈಗೆ ಕೊಡುತ್ತಾನೆ.

ಅಂಥ ಒಂದು ಕಾರ್ಯಕ್ರಮದ ವಿಡಿಯೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ್ದ. ಬೆಂಗಳೂರಿನ ಮ್ಯೂಸಿಕ್ ಕಂಪನಿ ಅಂತ ಹೇಳಿಕೊಂಡು ಒಂದು ಮೆಸೇಜ್ ಬಂತು. ವಾಯ್ಸ್ ತುಂಬಾ ಚೆನ್ನಾಗಿದೆ, ದಾವಣಗೆರೆಯಲ್ಲೇ ಆಡಿಷನ್ ಇದೆ, ಗೆದ್ದರೆ ಆಲ್ಬಂ, ಆಮೇಲೆ ಟಿವಿ ಶೋ ಅಂತೆಲ್ಲ ಬರೆದಿದ್ದರು. ರಿಜಿಸ್ಟ್ರೇಷನ್ 1,500 ರೂಪಾಯಿ.

ಪಿ.ಬಿ. ರಸ್ತೆಯ ಕಡೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ನಾನೂ ಜೊತೆಗಿದ್ದೆ. ಹಳ್ಳಿಗಳಿಂದ ಅಪ್ಪ ಅಮ್ಮಂದಿರು ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಕರೆತಂದಿದ್ದರು. ತಮ್ಮ ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಚ್ಚಿ ಶ್ರುತಿ ಹೊಂದಿಸುತ್ತಿದ್ದ. ಜಡ್ಜ್ ಸ್ಥಾನದಲ್ಲಿ ಕೂತವನು ‘ಅದೆಲ್ಲ ಬೇಡಪ್ಪಾ, ಸುಮ್ನೆ ಹಾಡು’ ಅಂದ. ಪಲ್ಲವಿ ಮುಗಿದು ಚರಣಕ್ಕೆ ಹೋಗುವಷ್ಟರಲ್ಲಿ ‘ಸೂಪರ್, ಸೆಲೆಕ್ಟೆಡ್’. ಅವನ ಶ್ರುತಿ ಯಾವುದು, ಯಾರ ಹತ್ತಿರ ಕಲಿತಿದ್ದಾನೆ, ಒಂದು ಪ್ರಶ್ನೆಯೂ ಇಲ್ಲ. ಮುಂದಿನ ಹುಡುಗಿ ಸೆಲೆಕ್ಟ್. ಅವಳ ಹಿಂದಿದ್ದವನೂ ಸೆಲೆಕ್ಟ್. ನಾವು ಅಲ್ಲಿದ್ದಷ್ಟು ಹೊತ್ತು ಒಬ್ಬರನ್ನೂ ಬೇಡ ಅನ್ನಲಿಲ್ಲ. ಯಾರೂ ಫೇಲ್ ಆಗದ ಆಡಿಷನ್ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಟ್ರೈನಿಂಗ್‌ಗೆ 12,000. ಸ್ಟುಡಿಯೋ, ವಿಡಿಯೋ ಸೇರಿ 40,000. ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು. ಬೆಂಗಳೂರಿನ ಒಂದು ಚಿಕ್ಕ ರೂಮಿನಲ್ಲಿ ಗಡಿಬಿಡಿಯಲ್ಲಿ ರೆಕಾರ್ಡಿಂಗ್ ಮುಗಿಯಿತು. ಅವರ ಚಾನೆಲ್ಲಿಗೆ ಹಾಡು ಹಾಕಿದರು. ನೋಡಿದವರೇ ಇಲ್ಲ. ಪ್ರಮೋಷನ್‌ಗೆ ಇನ್ನೂ 30,000 ಬೇಕು ಅಂದರು. ನಮ್ಮ ಹತ್ತಿರ ಇರಲಿಲ್ಲ, ಆಗಲ್ಲ ಅಂದೆವು. ಫೋನ್ ಎತ್ತುವುದನ್ನೇ ಬಿಟ್ಟರು.

ತಮ್ಮ ಎದೆಗುಂದಲಿಲ್ಲ. ಅದೇ ಹಾಡನ್ನು ಮನೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಹಾಡಿ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದ. ನನ್ನ ಪ್ರಕಾರ ಸ್ಟುಡಿಯೋದಲ್ಲಿ ಹಾಡಿದ್ದಕ್ಕಿಂತ ಇದೇ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಕಾಪಿರೈಟ್ ಕ್ಲೇಮ್ ಬಂತು. ಹಾಡಿನ ಮಾಲೀಕರು ಅಂತ ಆ ಕಂಪನಿಯ ಹೆಸರು. ‘ಅಕ್ಕಾ, ಇದು ನಂದೇ ಹಾಡಲ್ವಾ?’ ಅಂತ ಮೊಬೈಲ್ ತಂದು ನನಗೆ ತೋರಿಸಿದ. ಏನು ಹೇಳಬೇಕೋ ತಿಳಿಯಲಿಲ್ಲ.

ಆಗ, ಅವರು ‘ಅಗ್ರಿಮೆಂಟ್’ ಅಂತ ಸಹಿ ಹಾಕಿಸಿಕೊಂಡಿದ್ದ ಕಾಗದವನ್ನು ಹುಡುಕಿ ತೆಗೆದೆವು. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಅಪ್ಪನಿಗೆ ಕನ್ನಡ ಮಾತ್ರ ಬರುತ್ತದೆ. ‘ಇದು ಬರೀ ಫಾರ್ಮಾಲಿಟಿ ಯಜಮಾನ್ರೇ’ ಅಂತ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತೆಗೆದುಕೊಂಡು ಹೋದೆ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ. ಸಹಾಯವಾಣಿ 15100. ಅಲ್ಲಿದ್ದ ವಕೀಲರು ಒಂದೊಂದೇ ಸಾಲು ಓದಿ ಹೇಳಿದರು. ಸಾಹಿತ್ಯ, ಸಂಗೀತ, ಧ್ವನಿ ಎಲ್ಲವೂ ಶಾಶ್ವತವಾಗಿ, ಜಗತ್ತಿನ ಎಲ್ಲ ಕಡೆ ಕಂಪನಿಗೆ ಸೇರಿದ್ದು ಅಂತ ಬರೆದಿತ್ತು. ರಾಯಲ್ಟಿ, ಅಂದರೆ ಹಾಡಿನಿಂದ ಬರುವ ದುಡ್ಡಿನಲ್ಲಿ ಪಾಲು, ಅದೂ ಇಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. 18 ತುಂಬದವರು ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಕೊಟ್ಟ ತೀರ್ಪು ಈಗಲೂ ನಡೆಯುತ್ತಿದೆ. ಇದು ಈ ಜನಕ್ಕೂ ಗೊತ್ತು, ಅದಕ್ಕೇ ಪೋಷಕರ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಇನ್ನೊಂದು, ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಸಮಪಾಲು ಇದೆ. ಅದನ್ನು ಕಂಪನಿಗೆ ಬರೆದುಕೊಡುತ್ತೇನೆ ಅಂದರೂ ಬರೆದುಕೊಡಲು ಬರುವುದಿಲ್ಲ. ಕಾಪಿರೈಟ್ ಕಾಯ್ದೆಯಲ್ಲೇ ಇರುವ ಇನ್ನೊಂದು ಮಾತು, ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಐದೇ ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ‘ಶಾಶ್ವತ’, ‘ಜಗತ್ತಿನಾದ್ಯಂತ’ ಅನ್ನುವ ಪದಗಳನ್ನು ಅವರು ಸುಮ್ನೆ ಸೇರಿಸುವುದಿಲ್ಲ.

ಯೂಟ್ಯೂಬಿನಲ್ಲಿ ಕ್ಲೇಮ್ ಒಪ್ಪುವುದಿಲ್ಲ ಅಂತ ಡಿಸ್‌ಪ್ಯೂಟ್ ಹಾಕಿದೆವು. ಆ ಕಂಪನಿಯವರು 30 ದಿನದೊಳಗೆ ಉತ್ತರ ಕೊಡಬೇಕು. ಕೊಡಲಿಲ್ಲ, ಕ್ಲೇಮ್ ಬಿದ್ದುಹೋಯಿತು. ಹಾಡು ಈಗ ಅವನ ಚಾನೆಲ್ಲಿನಲ್ಲಿದೆ. ದುಡ್ಡು ಮಾತ್ರ ಬಂದಿಲ್ಲ. ಸಂಘದ ಕಂತನ್ನು ಅಮ್ಮ ಇನ್ನೂ ಕಟ್ಟುತ್ತಿದ್ದಾಳೆ.

ತಮ್ಮ ಈಗ ಆಕಾಶವಾಣಿ ಆಡಿಷನ್‌ಗೆ ತಯಾರಿ ನಡೆಸಿದ್ದಾನೆ. ಬಿ, ಬಿ ಹೈ, ಎ, ಟಾಪ್ ಅಂತ ಅಲ್ಲಿ ಗ್ರೇಡ್ ಇದೆ. ತೆಗೆದುಕೊಳ್ಳದೆ ವಾಪಸ್ ಕಳಿಸುವುದೂ ಇದೆ. ಅದು ಅವನಿಗೆ ಗೊತ್ತು, ಆದರೂ ಹೋಗುತ್ತಾನೆ. ಗುರುಗಳಿಲ್ಲ, ಫೀಸಿಗೆ ಗತಿಯಿಲ್ಲ ಅನ್ನುವ ಮಕ್ಕಳಿದ್ದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಒಮ್ಮೆ ವಿಚಾರಿಸಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದ ಜಾಗ ಅದು.

ನೀವೂ ಇಂಥವರಿಗೆ ದುಡ್ಡು ಕೊಟ್ಟಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ. ಆನ್‌ಲೈನ್ ಮೂಲಕ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅವರ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಚಾಟ್, ವಾಯ್ಸ್ ಮೆಸೇಜ್, ಪೋಸ್ಟರ್, ಯುಪಿಐ ರಸೀದಿ ಒಂದನ್ನೂ ಅಳಿಸಬೇಡಿ. ಅವತ್ತು ಪಿ.ಬಿ. ರಸ್ತೆಯ ಆ ಹಾಲಿನಲ್ಲಿ ಮಕ್ಕಳ ಜೊತೆ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ದುಡ್ಡು ಹಾಕಿಸಿಕೊಂಡ ನಂಬರ್ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರಬಹುದು, ಅವೆಲ್ಲ ಒಂದೇ ದೂರಿನಲ್ಲಿ ಸೇರಬೇಕು.