ಚಿಕ್ಕ ವೆಬ್‌ಸೈಟಿಗೆ ಜನ ಬರಬೇಕಾದರೆ: ಜಾಹೀರಾತು, ಸರ್ಚ್, ಇಮೇಲ್, ವಿಡಿಯೋ ಎಲ್ಲ ಮಾಡಿ ನೋಡಿದ ಮೇಲೆ

ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳೋದು ಹೇಗೆ ಅಂತ ತಿಳಿಸುವ ಒಂದು ಪುಟ್ಟ ವೆಬ್‌ಸೈಟ್ ನನ್ನದು. ಮೂವತ್ತು ಚಿಲ್ಲರೆ ಪುಟ, ಅಷ್ಟೇ. ಓದಿದವರು ಚೆನ್ನಾಗಿದೆ ಅಂತಿದ್ದರು. ಆದರೆ ಓದುವವರೇ ಇರಲಿಲ್ಲ. ಕೈಯಲ್ಲಿ ದುಡ್ಡು ಕಡಿಮೆ, ಬಿಡುವು ಅಂದರೆ ಸಂಜೆ ಒಂದೆರಡು ಗಂಟೆ. ಹಾಗಾಗಿ ಒಂದು ವರ್ಷ ಪೂರ್ತಿ, ಕಡಿಮೆ ಖರ್ಚಿನಲ್ಲಿ ಜನರನ್ನ ಕರೆತರುವ ದಾರಿಗಳನ್ನ ಒಂದೊಂದಾಗಿ ಹಿಡಿದು ನೋಡಿದೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ಎಷ್ಟು ಜನ ಬಂದರು ಅನ್ನೋದನ್ನ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಂದವರು ಓದಿದರಾ, ಇನ್ನೊಂದು ಪುಟ ತೆರೆದರಾ, ತಮ್ಮ ಇಮೇಲ್ ವಿಳಾಸ ಕೊಟ್ಟು ಹೋದರಾ, ಇದಷ್ಟೇ ನೋಡಿದೆ. ಸರ್ಚ್ ಜಾಹೀರಾತಿಗೂ ಸೋಶಿಯಲ್ ಮೀಡಿಯಾ ಬೂಸ್ಟಿಗೂ (ದುಡ್ಡು ಕೊಟ್ಟು ನಮ್ಮ ಪೋಸ್ಟನ್ನ ಹೆಚ್ಚು ಜನರಿಗೆ ತೋರಿಸೋದು) ಸಮಸಮ ದುಡ್ಡು ಇಟ್ಟೆ. ಮಿಕ್ಕಿದ್ದಕ್ಕೆಲ್ಲ ಸಮಯವೇ ಬಂಡವಾಳ, ಎಷ್ಟು ಗಂಟೆ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇದು ಬಹಳ ಮುಖ್ಯ. ಫ್ರೀ ಅಂತ ಹೇಳುವ ದಾರಿಗಳಲ್ಲಿ ಕೆಲವು ನಮ್ಮ ಸಂಜೆಗಳನ್ನೆಲ್ಲ ತಿಂದುಬಿಡುತ್ತವೆ.

ಇನ್ನೊಂದು ತಯಾರಿ: ಹೊರಗೆ ಹಾಕುವ ಪ್ರತಿ ಲಿಂಕಿಗೂ ಯುಟಿಎಂ ಬಾಲ ಅಂಟಿಸಿದೆ. ಜನ ಎಲ್ಲಿಂದ ಬಂದರು, ಯಾವ ಬಗೆಯ ದಾರಿಯಿಂದ, ಯಾವ ಪ್ರಚಾರದಿಂದ ಅಂತ ಲಿಂಕಿನ ಕೊನೆಯಲ್ಲೇ ಬರೆದುಬಿಡುವ ಪದ್ಧತಿ ಇದು. ಯುಟಿಎಂನ 'ಯು' ಅಂದರೆ ಅರ್ಚಿನ್. ಈ ಪದ್ಧತಿ ಆ ಹೆಸರಿನ ಕಂಪನಿಯದು, ಅದನ್ನ ಗೂಗಲ್ 2005ರಲ್ಲಿ ಕೊಂಡುಕೊಂಡಿತು, ಹೆಸರು ಮಾತ್ರ ಹಾಗೇ ಉಳಿದಿದೆ. ಈ ಬಾಲ ಇಲ್ಲದಿದ್ದರೆ ಮೆಸೇಜ್ ಆ್ಯಪ್‌ಗಳಿಂದ ಬಂದವರು, ಇಮೇಲ್‌ನಿಂದ ಬಂದವರು ಎಷ್ಟೋ ಜನ 'ಡೈರೆಕ್ಟ್' ಅನ್ನುವ ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತಾರೆ. ಆಮೇಲೆ ಹೋಲಿಸೋದಾದರೂ ಯಾವುದನ್ನ?

ಈಗ ದುಡ್ಡು ಕೊಡುವ ಎರಡು ದಾರಿ.

ಸರ್ಚ್ ಜಾಹೀರಾತು ಹಾಕಿದ ದಿನವೇ ಜನ ಬಂದರು. ಖುಷಿಯೋ ಖುಷಿ. ಮೂರನೇ ದಿನ, ಜನ ನಿಜವಾಗಿ ಏನು ಟೈಪ್ ಮಾಡಿ ಬಂದಿದ್ದಾರೆ ಅನ್ನುವ ಪಟ್ಟಿ ತೆರೆದೆ. ನಾನು ಕೊಟ್ಟ ಪದ 'ಸೈಕಲ್ ರಿಪೇರಿ'. ಬಂದವರು ಹುಡುಕಿದ್ದು 'ಮೋಟಾರ್ ಸೈಕಲ್ ಸರ್ವಿಸ್', 'ಸೆಕೆಂಡ್ ಹ್ಯಾಂಡ್ ಸೈಕಲ್', 'ಹತ್ತಿರದ ಸೈಕಲ್ ಅಂಗಡಿ'. ಇವರಲ್ಲಿ ಒಬ್ಬರಿಗೂ ನನ್ನ ಪುಟ ಬೇಕಾಗಿರಲಿಲ್ಲ, ಪ್ರತಿ ಕ್ಲಿಕ್ಕಿಗೂ ನನ್ನ ದುಡ್ಡು ಹೋಗಿತ್ತು. ತಪ್ಪು ನನ್ನದೇ, ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟಿದ್ದೆ. ಅದರಲ್ಲಿ ಪದಕ್ಕೆ ಸಂಬಂಧ ಇರಬಹುದು ಅನ್ನಿಸುವ ಹುಡುಕಾಟಕ್ಕೆಲ್ಲ ಜಾಹೀರಾತು ಹೋಗುತ್ತದೆ. ಆವತ್ತೇ ಎಲ್ಲ ಪದಗಳನ್ನ, ಕೊಟ್ಟ ಪದದ ಅರ್ಥಕ್ಕೆ ಹತ್ತಿರದ ಹುಡುಕಾಟಕ್ಕೆ ಮಾತ್ರ ಜಾಹೀರಾತು ತೋರಿಸುವ ಫ್ರೇಸ್ ಮ್ಯಾಚ್, ಎಕ್ಸಾಕ್ಟ್ ಮ್ಯಾಚ್‌ಗೆ ಬದಲಿಸಿದೆ. 'ಮೋಟಾರ್', 'ಸೆಕೆಂಡ್ ಹ್ಯಾಂಡ್', 'ಅಂಗಡಿ' ಇವನ್ನೆಲ್ಲ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಈ ಪದ ಇದ್ದರೆ ಜಾಹೀರಾತು ಬೇಡ ಅನ್ನುವ ಪಟ್ಟಿಗೆ, ಸೇರಿಸಿದೆ. ಸರ್ಚ್ ಪುಟದ ಆಚೆ ಬೇರೆ ವೆಬ್‌ಸೈಟ್‌ಗಳಲ್ಲಿ ತೋರಿಸುವ ಡಿಸ್‌ಪ್ಲೇ ಆಯ್ಕೆಯ ಟಿಕ್ ತೆಗೆದೆ. ಬರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು, ಓದುವವರು ಜಾಸ್ತಿಯಾದರು.

ಬಜೆಟ್ ಇಡುವಾಗ ಒಂದು ವಿಷಯ ಗೊತ್ತಿರಲಿ. ಗೂಗಲ್ ಆಡ್ಸ್‌ನಲ್ಲಿ 'ದಿನದ ಬಜೆಟ್' ಅಂದರೆ ಸರಾಸರಿ. ಸಾಮಾನ್ಯವಾಗಿ ಒಂದೊಂದು ದಿನ ಅದರ ಎರಡರಷ್ಟು ತನಕ ಖರ್ಚಾಗಬಹುದು, ತಿಂಗಳ ಒಟ್ಟು ಮಾತ್ರ ದಿನದ ಮೊತ್ತದ 30.4 ಪಟ್ಟು ದಾಟುವುದಿಲ್ಲ. ಆದ್ದರಿಂದ ತಿಂಗಳಿಗೆ ಎಷ್ಟು ಹೋದರೆ ಪರವಾಗಿಲ್ಲ ಅಂತ ಮೊದಲು ತೀರ್ಮಾನ ಮಾಡಿ, ಅಲ್ಲಿಂದ ದಿನದ ಲೆಕ್ಕಕ್ಕೆ ಬನ್ನಿ.

ಸೋಶಿಯಲ್ ಮೀಡಿಯಾ ಬೂಸ್ಟ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಕ್ಲಿಕ್ಕಿಗೆ ಬಿದ್ದ ಖರ್ಚು ಸರ್ಚ್ ಜಾಹೀರಾತಿಗಿಂತ ಎಷ್ಟೋ ಕಡಿಮೆ. ಲೈಕ್ ಬಂತು, ಹೃದಯ ಬಂತು. ಆದರೆ ಸೈಟಿಗೆ ಬಂದವರು ಬಂದ ಹಾಗೇ ಹೋದರು. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ 'ಎಂಗೇಜ್ಡ್' ಅನ್ನಿಸಿಕೊಳ್ಳೋದು ಕಷ್ಟವೇನಲ್ಲ. 10 ಸೆಕೆಂಡಿಗಿಂತ ಹೆಚ್ಚು ಇದ್ದರೆ ಸಾಕು, ಇಲ್ಲವೇ ಎರಡು ಪುಟ ನೋಡಿದರೂ ಸಾಕು. ಬೂಸ್ಟ್‌ನಿಂದ ಬಂದವರಲ್ಲಿ ಹೆಚ್ಚಿನವರು ಅಷ್ಟನ್ನೂ ದಾಟಲಿಲ್ಲ. ಇದರಲ್ಲಿ ಅವರ ತಪ್ಪಿಲ್ಲ. ಗೆಳೆಯರ ಫೋಟೋ ನೋಡುತ್ತಾ ಕೂತವರ ಮುಂದೆ ನಾನು ಬ್ರೇಕ್ ಕೇಬಲ್ ಹಿಡಿದು ನಿಂತರೆ ಅವರಾದರೂ ಏನು ಮಾಡುತ್ತಾರೆ? ಬ್ರೇಕ್ ಕೈಕೊಟ್ಟವರು ಆ ಹೊತ್ತಿಗೆ ಬೇರೆ ಕಡೆ ಹುಡುಕುತ್ತಿರುತ್ತಾರೆ, ಅಲ್ವಾ?

ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಸರ್ಚ್ ಜಾಹೀರಾತೇ ನನ್ನ ಆಯ್ಕೆ. ಅದೂ ಪದಗಳನ್ನ ಬಿಗಿ ಮಾಡಿ, ಒಂದೆರಡು ತಿಂಗಳ ಮಟ್ಟಿಗೆ. ಯಾಕೆ ಅಂದರೆ ಜನ ಯಾವ ಮಾತಿನಲ್ಲಿ ಹುಡುಕುತ್ತಾರೆ ಅನ್ನುವ ಪಟ್ಟಿ ಕೈಗೆ ಸಿಗುತ್ತದೆ, ಜಾಹೀರಾತು ನಿಲ್ಲಿಸಿದ ಮೇಲೂ ಆ ಪಟ್ಟಿ ನಿಮ್ಮದೇ. ಬೂಸ್ಟ್ ನಿಲ್ಲಿಸಿದ ಮರುದಿನ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಇನ್ನು ದುಡ್ಡು ಕೊಡದೆ ಸರ್ಚ್‌ನಲ್ಲಿ ಮೇಲೆ ಬರುವ ದಾರಿ. ಇದರಲ್ಲಿ ತಾಳ್ಮೆ ಬೇಕು ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ತಾಳ್ಮೆ ಅಂತ ಯಾರೂ ಹೇಳುವುದಿಲ್ಲ. ನನಗೆ ಮೊದಲ ನಾಲ್ಕು ತಿಂಗಳು ಏನೂ ಆಗಲಿಲ್ಲ. ಏನೂ ಅಂದರೆ ಏನೂ. ಐದನೇ ತಿಂಗಳಲ್ಲಿ ಒಂದು ಪುಟ ಅಲುಗಾಡಿತು. ಅದರ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ಇಡೀ ವರ್ಷದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಒಂದು ಪುಟದಿಂದ.

ಪುಟದ ಹೆಸರು 'ಚೈನ್ ನಿರ್ವಹಣೆ: ಒಂದು ಪರಿಚಯ' ಅಂತಿತ್ತು. ನಮ್ಮ ಪುಟ ಗೂಗಲ್‌ನಲ್ಲಿ ಯಾವ ಹುಡುಕಾಟಕ್ಕೆ ಕಾಣಿಸುತ್ತಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು ನೋಡಿದರೆ ಆ ಪುಟ ಕಾಣಿಸಿಕೊಳ್ಳುತ್ತಿದ್ದದ್ದು 'ಜೋರಾಗಿ ತುಳಿದರೆ ಚೈನ್ ಜಾರುತ್ತೆ' ಅನ್ನುವ ಹುಡುಕಾಟಕ್ಕೆ. ಗೂಗಲ್ ಫಲಿತಾಂಶಗಳ ಎರಡನೇ ಪುಟದಲ್ಲೆಲ್ಲೋ ಕಾಣಿಸುತ್ತಿತ್ತು, ಯಾರೂ ಒತ್ತುತ್ತಿರಲಿಲ್ಲ. ನಾನು 'ನಿರ್ವಹಣೆ' ಅಂತ ಬರೆದಿದ್ದೆ. ಸೈಕಲ್ ಕೆಟ್ಟವರು ಯಾರೂ ಆ ಪದ ಹಾಕಿ ಹುಡುಕೋದಿಲ್ಲ, ತಮಗೆ ಏನಾಗಿದೆಯೋ ಅದನ್ನೇ ಟೈಪ್ ಮಾಡುತ್ತಾರೆ. ಹಾಗಾಗಿ ಹೆಸರನ್ನ 'ಜೋರಾಗಿ ತುಳಿದಾಗ ಚೈನ್ ಜಾರುತ್ತಿದೆಯಾ? ಸ್ಕೇಲ್ ಇಟ್ಟು ನೋಡಿ' ಅಂತ ಬದಲಿಸಿದೆ. ಮೇಲಿದ್ದ ಉದ್ದನೆಯ ಪೀಠಿಕೆ ತೆಗೆದು ಉತ್ತರವನ್ನೇ ಮೊದಲು ಇಟ್ಟೆ: ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸ್ಕೇಲಿನ ಸೊನ್ನೆ ಹಿಡಿಯಿರಿ. ಹೊಸ ಚೈನ್ ಆದರೆ 12 ಇಂಚಿನ ಗುರುತಿನ ಮೇಲೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಕೂರುತ್ತದೆ. ಅದು 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಬೇಕು. 1/8 ಇಂಚು ಹೋಗಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆದಿರುವ ಸಾಧ್ಯತೆ ಹೆಚ್ಚು. ಜೊತೆಗೆ ನನ್ನದೇ ಸವೆದ ಚೈನಿನ ಮೇಲೆ ಸ್ಕೇಲ್ ಇಟ್ಟು ತೆಗೆದ ಫೋಟೋ ಹಾಕಿದೆ. ಗ್ರೀಸ್ ಮೆತ್ತಿದ ಬೆರಳು ಕೂಡ ಅದರಲ್ಲಿ ಕಾಣುತ್ತದೆ, ಹಾಗೇ ಬಿಟ್ಟೆ.

ಆರು ವಾರದಲ್ಲಿ ಅದು ಫಲಿತಾಂಶಗಳ ಮೊದಲ ಪುಟಕ್ಕೆ ಬಂತು. ಇವತ್ತಿಗೂ ನನ್ನ ಸೈಟಿಗೆ ಅತಿ ಹೆಚ್ಚು ಜನ ಬರೋದು ಅಲ್ಲಿಂದಲೇ, ಬಂದವರು ಬ್ರೇಕ್, ಗೇರ್ ಪುಟಗಳಿಗೂ ಹೋಗುತ್ತಾರೆ. ಆಮೇಲೆ ಉಳಿದ ಪುಟಗಳನ್ನೂ ಇದೇ ಕಣ್ಣಿನಿಂದ ತಿದ್ದುತ್ತಾ ಬಂದೆ. ಎಲ್ಲವೂ ಮೇಲೆ ಬರಲಿಲ್ಲ. ಮೂವತ್ತರಲ್ಲಿ ಆರೇಳು ಬಂದವು, ಅಷ್ಟು ಸಾಕಾಯಿತು.

ತಾಂತ್ರಿಕ ಕೆಲಸದಲ್ಲಿ ಫೋಟೋಗಳ ಗಾತ್ರ ಇಳಿಸಿದ್ದೇ ದೊಡ್ಡದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅಂತ ಗೂಗಲ್ ಹೇಳುತ್ತದೆ, ಕ್ಯಾಮೆರಾದಿಂದ ಬಂದ ಫೋಟೋವನ್ನ ಹಾಗೇ ಹಾಕಿದರೆ ಮೊಬೈಲಿನಲ್ಲಿ ಅದು ಆಗದ ಮಾತು. ಮೆಟಾ ಕೀವರ್ಡ್ (ಪುಟದ ಕೋಡಿನೊಳಗೆ ಓದುಗರಿಗೆ ಕಾಣದ ಹಾಗೆ ಬರೆಯುವ ಪದಗಳ ಪಟ್ಟಿ) ತುಂಬಿಸುತ್ತಾ ಕೂರಬೇಡಿ. ರ‍್ಯಾಂಕಿಂಗ್‌ಗೆ ಅದನ್ನ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ಇವತ್ತೇ ಜೋಡಿಸಿ, ಆಗಾಗ ಒಂದು ಕಾಪಿ ಇಳಿಸಿಟ್ಟುಕೊಳ್ಳಿ.

ಡೈರೆಕ್ಟರಿ (ವೆಬ್‌ಸೈಟ್‌ಗಳನ್ನ ವಿಷಯವಾರು ಪಟ್ಟಿ ಮಾಡಿಡುವ ತಾಣ), ಲಿಂಕ್ ವಿನಿಮಯ ಇವನ್ನ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಡೈರೆಕ್ಟರಿಗಳ ಕಾಲ ಹೋಯಿತು. ಎಲ್ಲಕ್ಕಿಂತ ದೊಡ್ಡ ಹೆಸರಾಗಿದ್ದ ಡಿಮಾಝ್ ಕೂಡ 2017ರಲ್ಲಿ ಮುಚ್ಚಿತು. ನೂರಾರು ಸೈಟ್‌ಗಳಿಂದ ಲಿಂಕ್ ಕೊಡಿಸುತ್ತೇವೆ ಅಂತ ಬರುವ ಆಫರ್‌ಗಳ ಹತ್ತಿರ ಹೋಗಲೇಬೇಡಿ. ಇಂಥ ಲಿಂಕ್‌ಗಳ ಮೇಲೆ ಕಣ್ಣಿಟ್ಟೇ ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನುವ ಸರ್ಚ್ ಅಪ್‌ಡೇಟ್ ತಂದದ್ದು. ನನಗೆ ಕೆಲಸ ಮಾಡಿದ್ದು ಒಂದೇ. ಸೈಕಲ್ ಬಗ್ಗೆ ಬರೆಯುವ ಬೇರೊಂದು ಸೈಟಿನಲ್ಲಿ ಸತ್ತುಹೋದ ಲಿಂಕ್ ಒಂದು ಕಣ್ಣಿಗೆ ಬಿತ್ತು. 'ಈ ಲಿಂಕ್ ತೆರೆಯುತ್ತಿಲ್ಲ, ಇದೇ ವಿಷಯದ ಮೇಲೆ ನನ್ನದೊಂದು ಪುಟ ಇದೆ, ಸರಿ ಅನ್ನಿಸಿದರೆ ಬಳಸಿ' ಅಂತ ಅವರಿಗೆ ಬರೆದೆ. ಅವರು ಹಾಕಿದರು. ಅಲ್ಲಿಂದ ಇವತ್ತಿಗೂ ದಿನಕ್ಕೆ ಒಬ್ಬಿಬ್ಬರು ಬರುತ್ತಾರೆ, ನಿಧಾನವಾಗಿ ಓದುತ್ತಾರೆ.

ವಿಡಿಯೋದಿಂದ ಬಹಳ ನಿರೀಕ್ಷೆ ಇತ್ತು. ಚೈನ್ ಅಳೆಯೋದನ್ನೇ ಎರಡು ಥರ ಮಾಡಿದೆ. ಒಂದು ಶಾರ್ಟ್ಸ್, ಇನ್ನೊಂದು ಎಂಟು ನಿಮಿಷದ್ದು. ಶಾರ್ಟ್ಸ್ ನೋಡಿದವರು ಜಾಸ್ತಿ, ಸೈಟಿಗೆ ಬಂದವರು ಇಲ್ಲವೇ ಇಲ್ಲ. ಅದಕ್ಕೆ ಕಾರಣವೂ ಸರಳ. 2023ರ ಆಗಸ್ಟ್ ಕೊನೆಯಿಂದ ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಉದ್ದದ ವಿಡಿಯೋದ ವಿವರಣೆಯಲ್ಲಿ ಲಿಂಕ್ ತೆರೆಯುತ್ತದೆ, ಅಲ್ಲಿಂದ ಸ್ವಲ್ಪ ಜನ ಬಂದರು. ಆದರೆ ನೋಟ್‌ಬುಕ್ ಪ್ರಕಾರ ಆ ಎಂಟು ನಿಮಿಷಕ್ಕೆ ಹನ್ನೊಂದು ಗಂಟೆ ಹೋಗಿದೆ. ಅಷ್ಟು ಹೊತ್ತಿನಲ್ಲಿ ಎರಡು ಪುಟ ತಿದ್ದಿ ಮುಗಿಸಬಹುದಿತ್ತು. ವಿಡಿಯೋ ನಿಜವಾಗಿ ನೆರವಾದದ್ದು ಅದನ್ನ ಚೈನ್ ಪುಟದೊಳಗೆ ಕೂರಿಸಿದ ಮೇಲೆ. ಓದುತ್ತಾ ಗೊಂದಲ ಆದವರು ಅಲ್ಲೇ ನೋಡಿಕೊಳ್ಳುತ್ತಾರೆ.

ಕೊನೆಯದು ಇಮೇಲ್. ಇದನ್ನ ಸೋಶಿಯಲ್ ಮೀಡಿಯಾ ಫಾಲೋವರ್‌ಗಳ ಪಕ್ಕ ಇಟ್ಟು ನೋಡಬೇಕು. ಎರಡೂ 'ನಮ್ಮ ಜನ'ವೇ. ಆದರೆ ಫಾಲೋವರ್‌ಗಳಲ್ಲಿ ಯಾರಿಗೆ ನನ್ನ ಪೋಸ್ಟ್ ತೋರಿಸಬೇಕು ಅನ್ನೋದು ಆ ವೇದಿಕೆಯ ಕೈಯಲ್ಲಿ. ಇಮೇಲ್ ಪಟ್ಟಿ ನನ್ನ ಕೈಯಲ್ಲಿ. ಸರ್ವಿಸ್ ಇಷ್ಟ ಆಗದಿದ್ದರೆ ಪಟ್ಟಿ ಇಳಿಸಿಕೊಂಡು ಬೇರೆ ಕಡೆ ಹೋಗಬಹುದು. ನನ್ನ ಪಟ್ಟಿಯಲ್ಲಿ ಇರುವವರು ಫಾಲೋವರ್‌ಗಳ ಕಾಲು ಭಾಗವೂ ಇಲ್ಲ. ಆದರೂ ಹೊಸ ಪುಟ ಹಾಕಿದ ದಿನ ಬರುವವರಲ್ಲಿ ಹೆಚ್ಚಿನವರು ಇಮೇಲ್‌ನವರೇ.

ಇದರಲ್ಲೂ ಕೆಲಸ ಇದೆ. ಸ್ವಂತ ಡೊಮೇನಿನಿಂದ (ನಿಮ್ಮ ಸೈಟಿನ ಹೆಸರಿನ ವಿಳಾಸದಿಂದ) ಕಳಿಸಿ, ಮೇಲ್ ನಿಜಕ್ಕೂ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನ ಡಿಎನ್‌ಎಸ್‌ನಲ್ಲಿ ಸೇರಿಸಿ, ಇಲ್ಲದಿದ್ದರೆ ನೇರ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುವ ಸಾಧ್ಯತೆ ಇದೆ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿದೆ. ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಗೆ ಹೋಗುವ ವ್ಯವಸ್ಥೆ ಇರಬೇಕು, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಾವು ಅಷ್ಟೆಲ್ಲ ಕಳಿಸುವವರಲ್ಲ, ಆದರೂ ಪಾಲಿಸಿ. ಹೊರಗೆ ಹೋಗಬೇಕು ಅನ್ನುವವರನ್ನ ಹಿಡಿದಿಟ್ಟು ಏನು ಸಿಗುತ್ತದೆ? ವಿಳಾಸ ಕೊಟ್ಟವರಿಗೆ ಖಚಿತ ಮಾಡಿಕೊಳ್ಳುವ ಒಂದು ಮೇಲ್ ಕಳಿಸಿ, ಅವರು ಅದನ್ನ ಒತ್ತಿದ ಮೇಲೆಯೇ ಪಟ್ಟಿಗೆ ಸೇರಿಸುತ್ತೇನೆ. ಪಟ್ಟಿ ಚಿಕ್ಕದಾಗುತ್ತದೆ, ಚೊಕ್ಕವಾಗಿರುತ್ತದೆ. ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನ ಪೂರ್ತಿ ನಂಬಬೇಡಿ. 2021ರಲ್ಲಿ ಆ್ಯಪಲ್ ಮೇಲ್‌ಗೆ ಬಂದ ಖಾಸಗಿತನದ ಸೌಲಭ್ಯ ಆನ್ ಇದ್ದರೆ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ, ಯಾರೂ ಓದದಿದ್ದರೂ 'ತೆರೆದರು' ಅಂತ ಬೀಳಬಹುದು. ನಾನು ಲಿಂಕ್ ಒತ್ತಿದವರನ್ನ ನೋಡುತ್ತೇನೆ, ಅದಕ್ಕಿಂತ ಜಾಸ್ತಿ ಉತ್ತರ ಬರೆದವರನ್ನ ನೋಡುತ್ತೇನೆ.

ಈಗ ನಾನು ಮಾಡುತ್ತಿರೋದು ಇಷ್ಟು. ವಾರಕ್ಕೆ ನಾಲ್ಕು ಸಂಜೆ ಇದ್ದರೆ ಮೂರು ಸಂಜೆ ಹಳೆಯ ಪುಟ ತಿದ್ದೋದಕ್ಕೆ ಇಲ್ಲವೇ ಹೊಸದು ಬರೆಯೋದಕ್ಕೆ. ಒಂದು ಸಂಜೆ ಇಮೇಲ್‌ಗೆ. ಹೊಸ ವಿಷಯ ಶುರು ಮಾಡುವಾಗ ಮಾತ್ರ ಪದ ತಿಳಿದುಕೊಳ್ಳೋದಕ್ಕೆ ಎರಡು ವಾರ ಸಣ್ಣ ಸರ್ಚ್ ಜಾಹೀರಾತು. ಬೂಸ್ಟ್ ಪೂರ್ತಿ ಬಿಟ್ಟೆ. ಶಾರ್ಟ್ಸ್ ಕೂಡ.

ಪ್ರತಿ ಇಮೇಲಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: 'ನಿಮ್ಮ ಸೈಕಲ್ ಈಗ ಏನು ಸದ್ದು ಮಾಡುತ್ತಿದೆ, ಬರೆದು ಕಳಿಸಿ.' ಕಳೆದ ತಿಂಗಳು ಒಬ್ಬರು ಬರೆದಿದ್ದರು, 'ಪೆಡಲ್ ಬಲಗಡೆ ಕೆಳಗೆ ಹೋದಾಗ ಮಾತ್ರ ಟಕ್ ಅನ್ನುತ್ತೆ, ನಿಂತು ತುಳಿದರೆ ಜಾಸ್ತಿ.' ಆ ವಾಕ್ಯವನ್ನ ಒಂದಕ್ಷರ ಬದಲಿಸದೆ ಹೊಸ ಪುಟದ ಹೆಸರು ಮಾಡಿದೆ. ಮೊನ್ನೆ ಸರ್ಚ್ ಕನ್ಸೋಲ್ ತೆರೆದರೆ ಆ ಪುಟಕ್ಕೆ ಮೊದಲ ಕ್ಲಿಕ್ ಬಿದ್ದಿತ್ತು. ಹುಡುಕಿದವರು ಟೈಪ್ ಮಾಡಿದ್ದು 'ನಿಂತು ತುಳಿದರೆ ಟಕ್ ಟಕ್ ಸದ್ದು' ಅಂತ.