ಕೋಣೆ ಬಾಡಿಗೆಯ ಮಿತಿ ಕೇಳದೆ ಆರೋಗ್ಯ ವಿಮೆಗೆ ಸಹಿ ಹಾಕಬೇಡಿ

ಮೂರು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದ್ದೂ, ನಮ್ಮ ಅವ್ವನ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಬಂದ 1,40,000 ರೂಪಾಯಿ ಬಿಲ್ಲಿನಲ್ಲಿ ಸರಿಯಾಗಿ ಅರ್ಧ, ಅಂದರೆ 70,000 ರೂಪಾಯಿಯನ್ನು ನಾವು ಕೈಯಿಂದ ಕಟ್ಟಿದ್ದೇವೆ. ಗದಗ, ಹಾವೇರಿ ಕಡೆಯಿಂದ ವಿಮೆಯನ್ನು ನಂಬಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗಳಿಗೆ ಬರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ಏಜೆಂಟರು ಗದಗದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, "ಕ್ಯಾಶ್‌ಲೆಸ್ ಐತ್ರಿ, ಒಂದು ರೂಪಾಯಿ ಕೈಲೆ ಕೊಡೂದು ಬ್ಯಾಡ" ಎಂದಿದ್ದರು. ಕೋಣೆಯ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 1, ಅಂದರೆ 3,000 ರೂಪಾಯಿಯ ಮಿತಿ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಆಸ್ಪತ್ರೆಯ ವಿಮಾ ಕೌಂಟರಿನವರೂ ಹೇಳಲಿಲ್ಲ. "ಇನ್ಶೂರೆನ್ಸ್ ಐತಲ್ರಿ, ಅವ್ವಾರಿಗೆ ಸ್ಪೆಷಲ್ ರೂಮ್ ತಗೋರಿ" ಎಂದು 6,000 ರೂಪಾಯಿಯ ಕೋಣೆಯನ್ನು ತಾವೇ ಮುಂದಾಗಿ ಕೊಟ್ಟರು.

ಡಿಸ್ಚಾರ್ಜ್ ದಿನ ಅವ್ವ ತಯಾರಾಗಿ ಕುಳಿತಿದ್ದಾಗ ಬಿಲ್ಲಿಂಗ್ ಕೌಂಟರಿನಲ್ಲಿ, "ಕಂಪನಿಯಿಂದ ಅರ್ಧಾ ಅಷ್ಟ ಮಂಜೂರಾಗೈತ್ರಿ, ಉಳಿದದ್ದು ಕಟ್ಟಿ ಹೋಗ್ರಿ" ಎಂದರು. ಬಾಡಿಗೆ ಹೆಚ್ಚಾಗಿದ್ದರೆ ನಾಲ್ಕು ದಿನದ ವ್ಯತ್ಯಾಸ 12,000 ರೂಪಾಯಿ ಕಟ್ಟುತ್ತೇನೆ, ಶಸ್ತ್ರಚಿಕಿತ್ಸೆಯ ಹಣವನ್ನೇಕೆ ಕಡಿದಿರಿ ಎಂದು ಕೇಳಿದೆ. "ರೂಮ್ ಮಿತಿ ದಾಟಿದ್ರ ಎಲ್ಲಾ ಚಾರ್ಜೂ ಅದ ಲೆಕ್ಕದಾಗ ಕಟ್ ಆಗ್ತಾವ್ರಿ" ಎಂಬ ಉತ್ತರ ಬಂತು. ಮಿತಿಯ ಎರಡು ಪಟ್ಟು ಬಾಡಿಗೆಯ ಕೋಣೆಯಾದ್ದರಿಂದ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್ ಎಲ್ಲವೂ ಅರ್ಧ! ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದಂತೆ ನಾನು ಭಾವನಿಗೆ ಫೋನ್ ಮಾಡಿ ಹಣ ಕೇಳಬೇಕಾಯಿತು. ಆ ಅವಮಾನ ಇನ್ನೂ ಹೋಗಿಲ್ಲ.

ಏಜೆಂಟರನ್ನು ಕೇಳಿದರೆ, "ಪಾಲಿಸಿ ಬುಕ್ಕಿನ್ಯಾಗ ಬರದೈತ್ರಿ ಸರ್, ನೀವು ಓದಬೇಕಿತ್ತು" ಎಂದರು. ಒಂದು ರೂಪಾಯಿ ಕೊಡುವುದು ಬೇಡ ಎಂಬುದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವವರು, ಅರ್ಧ ಬಿಲ್ಲು ನಿಮ್ಮದೇ ಎಂಬುದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ನಾವೇ ಹುಡುಕಿಕೊಳ್ಳಬೇಕೆಂದರೆ ಇದು ಯಾವ ನ್ಯಾಯ? ವರ್ಷ ವರ್ಷ ಪ್ರೀಮಿಯಂ ತುಂಬಿಸಿಕೊಂಡ ಕಂಪನಿಯೇ ಆ ಹಣ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮೋಸ ಮನೆಗೆ ಬಂದ ಮೇಲೆ ತಿಳಿಯಿತು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಔಷಧ, ದೇಹದೊಳಗೆ ಅಳವಡಿಸುವ ಸಾಧನ ಮತ್ತು ತಪಾಸಣೆಗಳ ಖರ್ಚಿನ ಮೇಲೆ ಈ ಅನುಪಾತದ ಕಡಿತ ಮಾಡುವಂತಿಲ್ಲ; ಐಸಿಯು ಶುಲ್ಕಕ್ಕೂ ಇಲ್ಲ. ನಮ್ಮ ಬಿಲ್ಲಿನಲ್ಲಿ ಔಷಧ ಮತ್ತು ತಪಾಸಣೆಯದೇ 40,000 ಇತ್ತು, ಅದನ್ನೂ ಅರ್ಧ ಮಾಡಿದ್ದಾರೆ. ಸಹಾಯವಾಣಿಯವರು, "ಸಿಸ್ಟಮ್‌ನಲ್ಲಿ ಹಾಗೇ ಲೆಕ್ಕ ಬರುತ್ತದೆ ಸರ್" ಎನ್ನುತ್ತಾರೆ. ಸಿಸ್ಟಮ್ ಅಂತೆ!

ಪಾಲಿಸಿ ಕೊಳ್ಳುವ ಮುಂಚೆ ಬಾಡಿಗೆಯ ಮಿತಿಯನ್ನು ಬರವಣಿಗೆಯಲ್ಲಿ ಕೇಳಿ. 2024ರ ಜನವರಿ 1ರಿಂದ ಹೊಸ ನಮೂನೆಯ ಗ್ರಾಹಕ ಮಾಹಿತಿ ಪತ್ರವನ್ನು ಕೊಡುವುದು ಕಡ್ಡಾಯವಾಗಿದೆ, ಕೇಳಿದರೆ ಕನ್ನಡದಲ್ಲಿಯೂ ಕೊಡಬೇಕು. ಅದರಲ್ಲಿ ಮಿತಿಗಳೆಲ್ಲ ಇರುತ್ತವೆ. ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು. ಏಜೆಂಟರ ಬಾಯಿಮಾತನ್ನು ಮಾತ್ರ ನಂಬಲೇಬೇಡಿ.

ನಾನು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಟ್ಟಿದ್ದೇನೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಲೋಕಪಾಲರ ಬಳಿಗೆ ಹೋಗುತ್ತೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅದೇ ಏಜೆಂಟರು ನಮ್ಮ ಓಣಿಯಲ್ಲಿ ಅದೇ ಪಾಲಿಸಿಯನ್ನು ಈಗಲೂ ಮಾರುತ್ತಿದ್ದಾರೆ.