ಸಿಎಸ್‌ವಿಯಿಂದ ಜೇಸನ್‌ಗೆ: ಹೆಡರ್ ಸಾಲನ್ನು ಯಾರ ಕೈಗೆ ಕೊಡಬೇಕು?

ಸಿಎಸ್‌ವಿ ಎಂದರೆ ಖಾನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್. ಅದರ ಮೊದಲ ಸಾಲಿಗೆ, ಅಂದರೆ ಕಾಲಂಗಳ ಹೆಸರಿರುವ ಹೆಡರ್‌ಗೆ, ನಾವು ಕೊಡುವ ಗಮನ ತೀರಾ ಕಡಿಮೆ. ಆದರೆ ಫೈಲನ್ನು ಜೇಸನ್‌ಗೆ (ಪ್ರತಿ ಮೌಲ್ಯವನ್ನೂ ‘ಕೀ’ ಎಂಬ ಹೆಸರಿನ ಜೊತೆ ಬರೆದಿಡುವ ಮಾದರಿ) ಬದಲಾಯಿಸುವಾಗ ಆ ಸಾಲಿನ ಒಂದೊಂದು ಹೆಸರೂ ಕೆಳಗಿನ ಪ್ರತಿ ದಾಖಲೆಯ ಕೀ ಆಗುತ್ತದೆ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಅದು ಪ್ರತಿ ದಾಖಲೆಯಲ್ಲೂ ತಪ್ಪುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಸಾಲನ್ನು ಓದಲು ಜಾಸ್ತಿ ಬಳಕೆಯಲ್ಲಿರುವುದು ಮೂರು ದಾರಿ: ಸಿಎಸ್‌ವಿ ಮಾಡ್ಯೂಲಿನ (ಸಿದ್ಧ ಕೋಡಿನ ಕಟ್ಟು) ರೀಡರ್, ಅದೇ ಮಾಡ್ಯೂಲಿನ ಡಿಕ್ಟ್‌ರೀಡರ್, ಮತ್ತು ಪಾಂಡಾಸ್ ಎಂಬ ಡೇಟಾ ಲೈಬ್ರರಿ. ಮೂರಕ್ಕೂ ಒಂದೇ ಫೈಲ್ ಕೊಟ್ಟು ನೋಡಿದೆ.

ಅದು ಓದುಗರ ಬಳಗವೊಂದರ ಸದಸ್ಯರ ಪಟ್ಟಿ. ಸದಸ್ಯ ಸಂಖ್ಯೆ, ಹೆಸರು, ಊರು, ಎಸ್‌ಟಿಡಿ ಕೋಡ್, ಟಿಪ್ಪಣಿ ಎಂಬ ಕಾಲಂಗಳ ಜೊತೆಗೆ ಎರಡು ಫೋನ್ ಕಾಲಂ ಇವೆ. ಒಂದು ಮನೆಯದು, ಇನ್ನೊಂದು ಮೊಬೈಲ್. ಹೆಡರ್‌ನಲ್ಲಿ ಮಾತ್ರ ಎರಡಕ್ಕೂ ‘ಫೋನ್’ ಎಂದೇ ಇದೆ. ಇಂಥ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ, ಅಲ್ವಾ? ಅದಕ್ಕೇ ಹಾಗೇ ಉಳಿಸಿಕೊಂಡೆ.

ಮೊದಲು ರೀಡರ್. ಇದಕ್ಕೆ ಹೆಡರ್ ಅಂದರೇನು ಎಂದೇ ಗೊತ್ತಿಲ್ಲ. ಮೊದಲ ಸಾಲೂ ಇದಕ್ಕೆ ಬರೀ ಒಂದು ಪಟ್ಟಿ. ಮುಂದಿನ ಸಾಲನ್ನು ಕೊಡುವ ‘ನೆಕ್ಸ್ಟ್’ ಕರೆದು ಆ ಸಾಲನ್ನು ನಾವೇ ಎತ್ತಿಟ್ಟುಕೊಳ್ಳಬೇಕು, ಉಳಿದ ಸಾಲುಗಳನ್ನು, ಎರಡು ಪಟ್ಟಿಗಳನ್ನು ಜೋಡಿ ಮಾಡುವ ಜಿಪ್‌ನಿಂದ ಅದಕ್ಕೆ ಜೋಡಿಸಬೇಕು. ಕೆಲಸ ಸ್ವಲ್ಪ ಹೆಚ್ಚು, ಆದರೆ ಹೆಡರ್ ನಮ್ಮ ಕಣ್ಣೆದುರೇ ಇರುತ್ತದೆ. ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ನೋಡಿ, ಬೇರೆ ಹೆಸರಿಟ್ಟು ಮುಂದೆ ಹೋಗಬಹುದು. ಇಲ್ಲಿರುವ ಅಪಾಯ ಜಿಪ್‌ನದು. ಯಾರೋ ಟಿಪ್ಪಣಿಯಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಅಲ್ಪವಿರಾಮ ಹಾಕಿದ್ದರೆ ಆ ಸಾಲಿಗೆ ಒಂದು ಖಾನೆ ಹೆಚ್ಚಾಗುತ್ತದೆ, ಜಿಪ್ ಆ ಹೆಚ್ಚಿನದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಪೈಥಾನ್ 3.10ರಿಂದ ಜಿಪ್‌ಗೆ ‘ಸ್ಟ್ರಿಕ್ಟ್’ ಆಯ್ಕೆ ಬಂದಿದೆ. ಅದನ್ನು ಹಾಕಿದರೆ ಲೆಕ್ಕ ತಾಳೆಯಾಗದ ಸಾಲಿನಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ನನಗೆ ಬೇಕಾದದ್ದೂ ಅದೇ.

ಡಿಕ್ಟ್‌ರೀಡರ್ ಮೊದಲ ಸಾಲನ್ನು ತಾನೇ ಹೆಸರುಗಳೆಂದು ತೆಗೆದುಕೊಳ್ಳುತ್ತದೆ. ಕೋಡ್ ನೋಡಲು ಅಚ್ಚುಕಟ್ಟು. ಖಾನೆ ಹೆಚ್ಚಾದರೆ ಕಳೆಯುವುದಿಲ್ಲ, ‘ನನ್’ (ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎನ್ನುವ ಮೌಲ್ಯ) ಎಂಬ ಕೀಯಲ್ಲಿ ಪಟ್ಟಿಯಾಗಿ ಇಡುತ್ತದೆ. ಜೇಸನ್‌ಗೆ ಬರೆದಾಗ ಅದು ‘ನಲ್’ ಎಂಬ ವಿಚಿತ್ರ ಕೀ ಆಗಿ ಕಾಣುತ್ತದೆ, ಹಾಗಾಗಿ ಹುಡುಕುವುದು ಸುಲಭ. ಆದರೆ ಎರಡು ಫೋನ್‌ಗಳ ವಿಷಯದಲ್ಲಿ ಇದು ನಿಜಕ್ಕೂ ಅಪಾಯಕಾರಿ. ಪ್ರತಿ ಸಾಲೂ ಇಲ್ಲಿ ಒಂದು ಡಿಕ್ಷನರಿ (ಕೀ-ಮೌಲ್ಯ ಜೋಡಿಗಳ ಕಟ್ಟು) ಆಗುತ್ತದೆ. ಅದರಲ್ಲಿ ಒಂದು ಕೀ ಒಂದೇ ಸಲ ಇರಲು ಸಾಧ್ಯ, ಹಾಗಾಗಿ ಕೊನೆಯದು ಉಳಿಯುತ್ತದೆ. ಮನೆಯ ನಂಬರುಗಳೆಲ್ಲ ಮಾಯ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಇನ್ನೊಂದು ವಿಷಯ: ಹೆಡರ್‌ಗಿಂತ ಮೇಲೆ ಖಾಲಿ ಸಾಲೊಂದಿದ್ದರೆ ಅದನ್ನೇ ಹೆಡರ್ ಎಂದುಕೊಳ್ಳುತ್ತದೆ. ಆಗ ನಿಜವಾದ ಹೆಡರ್ ಸಮೇತ ಎಲ್ಲವೂ ‘ನನ್’ ಕೀಗೆ ಹೋಗುತ್ತದೆ.

ಪಾಂಡಾಸ್ ಇವೆರಡರಲ್ಲೂ ಗೆಲ್ಲುತ್ತದೆ. ಖಾಲಿ ಸಾಲನ್ನು ದಾಟುತ್ತದೆ. ಎರಡನೇ ಫೋನ್‌ಗೆ ‘ಫೋನ್.1’ ಎಂದು ಹೆಸರಿಟ್ಟು ಎರಡನ್ನೂ ಉಳಿಸುತ್ತದೆ. ದೊಡ್ಡ ಫೈಲಿಗೆ ವೇಗವೂ ಚೆನ್ನಾಗಿದೆ. ತೊಂದರೆ ಏನೆಂದರೆ, ಅದು ಕೇಳದೆಯೇ ಊಹೆ ಮಾಡುತ್ತದೆ. ಎಸ್‌ಟಿಡಿ ಕೋಡ್ ಸಂಖ್ಯೆ ಎಂದು ತಿಳಿದು ಮೈಸೂರಿನ 0821 ಅನ್ನು 821 ಮಾಡಿತು, ಬೆಂಗಳೂರಿನ 080 ಅನ್ನು 80 ಮಾಡಿತು. ಮನೆ ಫೋನ್ ಇಲ್ಲದವರ ಖಾನೆ ಖಾಲಿ ಇದ್ದುದರಿಂದ ಆ ಕಾಲಂ ಪೂರ್ತಿ ದಶಮಾಂಶಕ್ಕೆ ತಿರುಗಿ, ನಂಬರುಗಳ ಕೊನೆಗೆ ‘.0’ ಅಂಟಿಕೊಂಡಿತು. ಕಾಲಂನ ಬಗೆ ಹೇಳುವ ಡಿಟೈಪ್‌ಗೆ ‘ಎಸ್‌ಟಿಆರ್’ (ಅಂದರೆ ಪಠ್ಯ) ಕೊಟ್ಟರೆ ಎರಡೂ ಸರಿಹೋಗುತ್ತವೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಡೇಟಾ ಸಾಲಿನ ಕೊನೆಗೆ ಒಂದು ಅಲ್ಪವಿರಾಮ ಬಿಡುತ್ತವೆ, ಹೆಡರ್‌ಗೆ ಮಾತ್ರ ಬಿಡುವುದಿಲ್ಲ. ಆಗ ಡೇಟಾದಲ್ಲಿ ಹೆಡರ್‌ಗಿಂತ ಒಂದು ಖಾನೆ ಹೆಚ್ಚು. ಪಾಂಡಾಸ್ ಮೊದಲ ಕಾಲಂ ಇಂಡೆಕ್ಸ್ (ಸಾಲುಗಳನ್ನು ಗುರುತಿಸುವ ಹೆಸರು) ಇರಬೇಕೆಂದು ತೀರ್ಮಾನಿಸುತ್ತದೆ. ಉಳಿದೆಲ್ಲ ಒಂದೊಂದು ಮನೆ ಸರಿಯುತ್ತವೆ: ‘ಸದಸ್ಯ ಸಂಖ್ಯೆ’ಯಲ್ಲಿ ಹೆಸರು, ‘ಹೆಸರು’ ಇರುವಲ್ಲಿ ಊರು. ‘ರೆಕಾರ್ಡ್ಸ್’ ಮಾದರಿಯ ಜೇಸನ್‌ನಲ್ಲಿ ಇಂಡೆಕ್ಸ್ ಬರುವುದೇ ಇಲ್ಲವಾದ್ದರಿಂದ ಸದಸ್ಯ ಸಂಖ್ಯೆಗಳು ಪೂರ್ತಿ ಹೋಗುತ್ತವೆ. ಇಂಡೆಕ್ಸ್ ಕಾಲಂಗೆ ‘ಫಾಲ್ಸ್’ ಎಂದು ಕೊಟ್ಟರೆ ಇದು ತಪ್ಪುತ್ತದೆ. ಹೊರಗಿನಿಂದ ಬಂದ ಫೈಲಿಗೆ ನಾನು ಈ ಆಯ್ಕೆಯನ್ನು ತಪ್ಪದೆ ಹಾಕುತ್ತೇನೆ.

ಕನ್ನಡ ಹೆಡರ್ ಬಂದಾಗ ಕಥೆಯೇ ಬೇರೆ. ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದರೆ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಾಣದ ಗುರುತು ಸೇರುತ್ತದೆ. ಪಾಂಡಾಸ್ ಅದನ್ನು ತೆಗೆದುಹಾಕುತ್ತದೆ. ಉಳಿದ ಎರಡರಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಕ್ರಮ) ‘ಯುಟಿಎಫ್-8-ಸಿಗ್’ ಎಂದು ಕೊಡದಿದ್ದರೆ ಗುರುತು ಮೊದಲ ಹೆಸರಿಗೇ ಅಂಟಿಕೊಳ್ಳುತ್ತದೆ. ‘ಸದಸ್ಯ ಸಂಖ್ಯೆ’ ಕಣ್ಣಿಗೆ ಕಾಣುತ್ತದೆ, ಕೀ ಮಾತ್ರ ಸಿಗುವುದಿಲ್ಲ.

‘ಫೋನ್’ ಎಂಬ ಹೆಡರ್‌ನಲ್ಲಿ ಮೂರೂ ಸೋಲುತ್ತವೆ. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಕೋಡ್ ಕೊಡುವ ವ್ಯವಸ್ಥೆ) ಒಂದೇ ಕೋಡ್ ಆಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪೈಥಾನ್‌ಗೆ ಅವು ಬೇರೆ ಬೇರೆ ಹೆಸರು. ಎರಡು ಕಡೆ ಟೈಪ್ ಮಾಡಿದ ಪಟ್ಟಿಗಳನ್ನು ಸೇರಿಸುವಾಗ ಇದು ಕಾಡುತ್ತದೆ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ‘ಎನ್‌ಎಫ್‌ಸಿ’ ಎಂದು ಕೊಟ್ಟರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಪದದ ಕೊನೆಯಲ್ಲಿ ಅಡಗಿರುವ ಜೀರೋ ವಿಡ್ತ್ ನಾನ್ ಜಾಯಿನರ್ (ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಕಾಣದ ಗುರುತು) ಮಾತ್ರ ಇದರಿಂದಲೂ ಹೋಗುವುದಿಲ್ಲ, ಅಂಚಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್‌ನಿಂದಲೂ ಹೋಗುವುದಿಲ್ಲ. ಪೈಥಾನ್ ಅದನ್ನು ಖಾಲಿ ಜಾಗ ಎಂದು ಎಣಿಸುವುದೇ ಇಲ್ಲ. ಅದರ ಹೆಸರು ಹೇಳಿಯೇ ತೆಗೆಯಬೇಕು.

ಹೀಗಾಗಿ ಈಗ ನನ್ನ ಆಯ್ಕೆ ಡಿಕ್ಟ್‌ರೀಡರ್, ಆದರೆ ಅದರ ಹೆಡರ್ ತೊಳೆಯುವುದು ನಾನೇ. ಕಾಲಂ ಹೆಸರುಗಳ ಪಟ್ಟಿಯಾದ ಫೀಲ್ಡ್‌ನೇಮ್ಸ್ ಓದಿ, ಹೆಸರುಗಳನ್ನು ಶುದ್ಧ ಮಾಡಿ, ಎರಡೆರಡು ಬಂದಿದ್ದರೆ ಹೊಸ ಹೆಸರಿಟ್ಟು, ಮತ್ತೆ ಫೀಲ್ಡ್‌ನೇಮ್ಸ್‌ಗೇ ಕೊಡುತ್ತೇನೆ. ಓದದೆ ನೇರವಾಗಿ ಕೊಟ್ಟರೆ ಹೆಡರ್ ಸಾಲು ಕೂಡ ಡೇಟಾ ಆಗಿ ಬರುತ್ತದೆ, ಈ ಕ್ರಮ ನೆನಪಿರಲಿ. ಲಕ್ಷಾಂತರ ಸಾಲುಗಳಿದ್ದು ಲೆಕ್ಕ ಹಾಕುವುದೂ ಇದ್ದರೆ ಪಾಂಡಾಸ್‌ಗೇ ಹೋಗುತ್ತೇನೆ. ಜೇಸನ್ ಬರೆಯುವಾಗ ಜೇಸನ್ ಮಾಡ್ಯೂಲಿನಲ್ಲಿ ‘ಎನ್‌ಶೂರ್ ಆಸ್ಕಿ’, ಪಾಂಡಾಸ್‌ನಲ್ಲಿ ‘ಫೋರ್ಸ್ ಆಸ್ಕಿ’ ಎರಡನ್ನೂ ‘ಫಾಲ್ಸ್’ ಮಾಡಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಕೋಡ್‌ಗಳ ಸಾಲು ಬರುತ್ತದೆ.